ಕ್ರೋಮ್ ಹೊಳೆಯುತ್ತೆ, ತಗಡು ಬಡಿದವನ ಹೆಸರೆಲ್ಲಿ?

ಹಳೇ ಗಾಡಿ ಹುಚ್ಚಿನವರ ಜೊತೆ ನನಗೊಂದು ಜಗಳ ಇದೆ. ಹುಚ್ಚಿನ ಬಗ್ಗೆ ಅಲ್ಲ, ಅದು ನನಗೂ ಸಾಕಷ್ಟಿದೆ. ಯಾರಾದ್ರೂ ಫೆರಾರಿ 250 ಜಿಟಿಒ ಫೋಟೋ ಕಳಿಸಿದ್ರೆ ಮೀಟಿಂಗ್ ಮಧ್ಯದಲ್ಲೂ ಜೂಮ್ ಮಾಡಿ ನೋಡೋ ಪೈಕಿ ನಾನು. 1962ರಿಂದ 1964ರವರೆಗೆ ತಯಾರಾಗಿದ್ದು ಬರೀ 36. ಅದರಲ್ಲೊಂದು 2018ರಲ್ಲಿ ಅಮೆರಿಕದ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. ನನ್ನ ಜಗಳ ಇರೋದು ಫೋಟೋ ಕೆಳಗೆ ನಾವು ಬರೆಯೋ ಎರಡು ಸಾಲಿನ ಬಗ್ಗೆ. ಯಾರ ಹತ್ತಿರ ಇದೆ, ಯಾವ ವರ್ಷದ್ದು, ಎಷ್ಟಕ್ಕೆ ಹೋಯ್ತು. ಇಷ್ಟೇ. ಮಾಡಿದ್ದು ಯಾರು ಅಂತ ಕೇಳೋರೇ ಇಲ್ಲ.

ಆ ಜಿಟಿಒ ಮೈಯನ್ನು ಬಡಿದು ರೂಪ ಕೊಟ್ಟದ್ದು ಸೆರ್ಜಿಯೊ ಸ್ಕಾಲ್ಯೆಟ್ಟಿಯ ಕಾರ್ಖಾನೆ. ಮೊದೆನಾ ಊರಿನ ಬಡವರ ಮನೆ ಹುಡುಗ. ಅಪ್ಪ ತೀರಿಕೊಂಡಾಗ ಹದಿಮೂರು ವರ್ಷ, ಆಗಲೇ ಕಾರಿನ ಬಾಡಿ ಕಟ್ಟುವ ಶೆಡ್ ಸೇರಿದ. ನಗ್ಗಿಹೋದ ಫೆಂಡರನ್ನು ಅವನು ರಿಪೇರಿ ಮಾಡಿದ್ದ ರೀತಿ ನೋಡಿ ಎಂಜೊ ಫೆರಾರಿಗೆ ಇಷ್ಟವಾಯಿತು. ಮರಳಿನ ಚೀಲದ ಮೇಲೆ ಅಲ್ಯೂಮಿನಿಯಂ ಹಾಳೆ ಇಟ್ಟು ಕಣ್ಣಳತೆಯಲ್ಲೇ ಬಡಿಯುತ್ತಿದ್ದ ಕೈ ಅದು. 2004ರಲ್ಲಿ ಫೆರಾರಿ ಹೊಸ ಕಾರೊಂದನ್ನು ತಂದಾಗ ಅದಕ್ಕಿಟ್ಟ ಹೆಸರು 612 ಸ್ಕಾಲ್ಯೆಟ್ಟಿ. ನೋಡಿ, ತಗಡು ಬಡಿಯುವ ಮೇಸ್ತ್ರಿಯ ಹೆಸರು ಫೆರಾರಿಯ ಬೆನ್ನ ಮೇಲೆ! ಮೋಹದ ಜೊತೆ ಲೆಕ್ಕವನ್ನೂ ಇಡೋದು ಅಂದ್ರೆ ಹಿಂಗೆ.

ಈಗ ನಮ್ಮ ಕಡೆ ಬನ್ನಿ. ನಮಗೆ ಫೆರಾರಿ ಇಲ್ಲದಿದ್ರೆ ಏನಂತೆ, ಜಾವಾ ಇದೆ, ಯಜ್ದಿ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗಿನ ರಾಜ್ಯಪಾಲ ಜಯಚಾಮರಾಜ ಒಡೆಯರ್. ಜೆಕ್ ದೇಶದ ಜಾವಾ ಮೊದಲು, ಎಪ್ಪತ್ತರ ದಶಕದಿಂದ ಯಜ್ದಿ, ಆಮೇಲೆ ರೋಡ್‌ಕಿಂಗ್. ಕಿಕ್ಕರ್ರೂ ಗೇರೂ ಒಂದೇ ಲಿವರ್, ಎರಡು ಸೈಲೆನ್ಸರ್, ದೂರದಿಂದಲೇ ಗೊತ್ತಾಗೋ ಸದ್ದು. ನಮ್ಮೂರು ಕುಣಿಗಲ್ ಕಡೆ. ಮೇಷ್ಟ್ರ ಯಜ್ದಿ ಕೆರೆ ಏರಿ ಹತ್ತುವಾಗಲೇ ಹುಡುಗರೆಲ್ಲ ಸ್ಲೇಟು ಹುಡುಕುತ್ತಿದ್ದೆವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಯಜ್ದಿ ಅನ್ನೋ ಹೆಸರು ಯಾರ ಆಸ್ತಿ ಅನ್ನುವ ವ್ಯಾಜ್ಯ ಹೈಕೋರ್ಟಿನ ತನಕ ಹೋಯಿತು. 2022ರಲ್ಲಿ ಮತ್ತೆ ಬಂದ ಯಜ್ದಿ ತಯಾರಾಗೋದು ಮೈಸೂರಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ.

ಪ್ರತಿ ಜುಲೈ ಎರಡನೇ ಭಾನುವಾರ ಜಾವಾ-ಯಜ್ದಿ ಹುಚ್ಚಿನವರು ಸೇರ್ತಾರೆ. ಚೆಂದದ ಹಬ್ಬ, ಹೋಗಿ ನೋಡಿ. ಆಮೇಲೆ ಆ ಫೋಟೋಗಳ ಕೆಳಗಿನ ಸಾಲುಗಳನ್ನೂ ಓದಿ. 'ನಮ್ಮಪ್ಪನ ಗಾಡಿ', 'ಅಜ್ಜ ಕೊಂಡಿದ್ದು', 'ಒರಿಜಿನಲ್ ಪೇಂಟ್'. ಉದ್ಘಾಟಿಸಿದವರ ಹೆಸರು ಗೊತ್ತು, ಮಾಲೀಕರಾದ ಇರಾನಿ ಕುಟುಂಬದ ಹೆಸರು ಗೊತ್ತು. ಟ್ಯಾಂಕಿಗೆ ಬಣ್ಣ ಹೊಡೆದವರು, ಕ್ರ್ಯಾಂಕ್ ಕೂರಿಸಿದವರು ಯಾರು? 1961ರಲ್ಲಿ ಇಪ್ಪತ್ತರ ಹರೆಯದಲ್ಲಿ ಅಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಂಬತ್ತು ದಾಟಿದೆ. ಬಾಗಿಲು ಮುಚ್ಚುವ ಕಾಲಕ್ಕೆ ಸೇರಿದ್ದವರೂ ಐವತ್ತರ ಆಚೆ ಇದ್ದಾರೆ. ನಾವು ಟೈಲ್ ಲ್ಯಾಂಪು ಹುಡುಕಿಕೊಂಡು ಗುಜರಿ ಅಂಗಡಿ ಅಲೀತೀವಿ, ಈ ಮನುಷ್ಯರನ್ನು ಹುಡುಕಲ್ಲ. ಗುಜರಿಯಲ್ಲಿ ಲ್ಯಾಂಪು ಇವತ್ತಲ್ಲ ನಾಳೆ ಸಿಗುತ್ತೆ, ಇವರು ಸಿಗಲ್ಲ.

ನಾನಿರೋದು ಮಾದನಾಯಕನಹಳ್ಳಿ. ಮಾದಾವರದವರೆಗೆ ಮೆಟ್ರೋ ಬಂದ ಮೇಲೆ ಇಲ್ಲಿ ಜಾಗದ ರೇಟಿನ ಮಾತೇ ಮಾತು. ತುಮಕೂರು ರೋಡಿನ ಪಕ್ಕದ ಗಲ್ಲಿಯ ಶೆಡ್ಡೊಂದರಲ್ಲಿ ಅರವತ್ತು ದಾಟಿದ ಟಿಂಕರಿಂಗ್ ಮೇಸ್ತ್ರಿ ಒಬ್ಬರಿದ್ದಾರೆ. ಹಳೇ ಫಿಯೆಟ್ ಮಡ್‌ಗಾರ್ಡು ತುಕ್ಕು ತಿಂದು ತೂತಾಗಿದ್ರೆ ಆ ಭಾಗ ಕತ್ತರಿಸಿ, ಹೊಸ ತಗಡನ್ನು ಮರದ ಕೊಡತಿಯಲ್ಲಿ ಬಡಿದು, ಅಂಗೈ ಸವರಿ ಉಬ್ಬು ಪತ್ತೆ ಹಚ್ಚಿ, ಗ್ಯಾಸ್ ವೆಲ್ಡಿಂಗ್ ಮಾಡಿ, ಪುಟ್ಟಿ ಮೆತ್ತದೆ ನುಣ್ಣಗೆ ತರುತ್ತಾರೆ. "ಯಜಮಾನ್ರೇ, ನಿಮ್ಮ ಬಗ್ಗೆ ಬರೀಲಾ?" ಅಂದೆ. "ಹೆಸರು ಹಾಕ್ಬೇಡಿ ಸಾರ್. ಗಾಡಿಯೋರು ಬೇಜಾರು ಮಾಡ್ಕೋತಾರೆ. ಒರಿಜಿನಲ್ ಬಾಡಿ ಅಂತ ಹೇಳ್ಕೊಂಡಿರ್ತಾರೆ," ಅಂದರು.

ನನ್ನ ಜಗಳದ ಮೂಲ ಇಲ್ಲಿದೆ. ಅವರ ಹೆಸರು ಮರೆತುಹೋಗಿದ್ದಲ್ಲ, ಬೇಕಂತಲೇ ಮುಚ್ಚಿಟ್ಟಿದ್ದು. 'ಒರಿಜಿನಲ್' ಅನ್ನೋ ಪದ ಉಳೀಬೇಕಾದ್ರೆ ಅವರ ಕೈ ಕಾಣಬಾರದು. ಹೆಸರಿಲ್ಲದ ಕೆಲಸಕ್ಕೆ ಚೌಕಾಸಿ ಜಾಸ್ತಿ, ಬೆಲೆ ಕಮ್ಮಿ. ಬೆಲೆ ಇಲ್ಲದ ಕೆಲಸ ಕಲಿಯೋಕೆ ಹುಡುಗರು ಬರಲ್ಲ. ಅವರ ಮಗ ಪಕ್ಕದ ಗೋದಾಮಿನಲ್ಲಿ ಡಬ್ಬಗಳಿಗೆ ಬಾರ್‌ಕೋಡ್ ಸ್ಕ್ಯಾನ್ ಮಾಡ್ತಾನೆ. ನಾಳೆ ಮೇಸ್ತ್ರಿ ಕೊಡತಿ ಕೆಳಗಿಟ್ಟರೆ ನಿಮ್ಮ ಫಿಯೆಟ್ಟಿಗೆ ಫೋಟೋದಲ್ಲಿ ಮಾತ್ರ ಜಾಗ.

"ಹವ್ಯಾಸ ಗುರು, ಇದಕ್ಕೂ ಕಾರ್ಮಿಕರ ವಿಷಯ ತರ್ಬೇಡ" ಅಂತ ಗೆಳೆಯನೊಬ್ಬ ಅಂದ. ತಂದಿದ್ದು ನಾನಲ್ಲ, ಅದು ಗಾಡಿಯ ಒಳಗೇ ಇದೆ. ನಮ್ಮ ಕೋಡಿನ ಪ್ರತಿ ಸಾಲಿಗೂ ಗಿಟ್‌ನಲ್ಲಿ ಹೆಸರು, ತಾರೀಖು ಅಂಟಿಕೊಂಡಿರುತ್ತೆ. ಒಂದು ಕಾಮಾ ಸರಿಮಾಡಿದವನ ಹೆಸರೂ ಉಳಿಯುತ್ತೆ. ಅಪ್ರೈಸಲ್‌ನಲ್ಲಿ ನಮ್ಮ ಕ್ರೆಡಿಟ್ ಇನ್ನೊಬ್ಬ ಹೊಡ್ಕೊಂಡ್ರೆ ವಾರಗಟ್ಟಲೆ ಗೊಣಗ್ತೀವಿ. ಅದೇ ನಾವು ಭಾನುವಾರ ಕ್ಯಾಮೆರಾ ಹಿಡಿದು, ಮೂರು ತಿಂಗಳು ತಗಡು ಬಡಿದವರನ್ನು ಫ್ರೇಮಿನಿಂದ ಆಚೆ ನಿಲ್ಲಿಸ್ತೀವಿ.

"ಸ್ಕಾಲ್ಯೆಟ್ಟಿ ಕಲಾವಿದ, ಇವರು ಬರೀ ರಿಪೇರಿಯವರು" ಅನ್ನೋ ವಾದವೂ ಇದೆ. ಸ್ಕಾಲ್ಯೆಟ್ಟಿ ಶುರು ಮಾಡಿದ್ದೂ ರಿಪೇರಿಯಿಂದಲೇ ಸ್ವಾಮಿ. ನಗ್ಗಿದ ಫೆಂಡರಿನಲ್ಲಿ ಒಬ್ಬ ಕಸುಬುದಾರನನ್ನು ಕಾಣುವ ಕಣ್ಣು ಅಲ್ಲಿತ್ತು.

ದೊಡ್ಡ ಸ್ಮಾರಕವನ್ನೇನೂ ನಾನು ಕೇಳ್ತಿಲ್ಲ. ಹಳೇ ಗಾಡಿಯ ಫೋಟೋ ಹಾಕುವಾಗ ತಗಡು ಯಾರದು, ಪೇಂಟ್ ಯಾರದು, ಎಂಜಿನ್ ಬಿಚ್ಚಿ ಕಟ್ಟಿದ್ದು ಯಾರು ಅಂತ ಅವರನ್ನೇ ಕೇಳಿ ಒಂದು ಸಾಲು ಬರೀರಿ. 'ಹೆಸರು ಹಾಕಿದ್ರೆ ನನಗೆ ಬೇಜಾರಿಲ್ಲ' ಅಂತ ಮೊದಲು ಗಾಡಿ ಓನರ್ ಬಾಯಿಬಿಟ್ಟು ಹೇಳಲಿ. ಮೈಸೂರಿನ ಗೆಳೆಯರು ನಿಮ್ಮ ಬೀದಿಯಲ್ಲಿರೋ ಹಳೇ ಜಾವಾ ನೌಕರರ ಮನೆಗೆ ಹೋಗಿ ಒಂದು ಗಂಟೆ ಮಾತು ರೆಕಾರ್ಡ್ ಮಾಡಿ. ಫೋನು ಹೇಗೂ ಕೈಯಲ್ಲೇ ಇದೆ. ಮುಂದಿನ ಜುಲೈನ ಗ್ರೂಪ್ ಫೋಟೋದಲ್ಲಿ ಮುಂದಿನ ಸಾಲಿನ ಕುರ್ಚಿಗಳು ಅವರಿಗಿರಲಿ. ನಾವು ಗಾಡಿಗಳ ಜೊತೆ ಹಿಂದೆ ನಿಂತ್ಕೊಳ್ಳೋಣ.