ಕಾಳಿಯ ಪೀಠದ ಕೆಳಗೆ ಅಶೋಕನ ಶಾಸನ

ಸರಕಾರಿ ಕಚೇರಿಗಳಿಂದ ಹೊರಡುವ ಒಂದೊಂದು ಕಾಗದದ ನೆತ್ತಿಯ ಮೇಲೂ ಸಾರನಾಥದ ಸಿಂಹಗಳು ಕುಳಿತಿರುವುದನ್ನು ನಮ್ಮ ವಾಚಕರು ದಿನವೂ ನೋಡುತ್ತಿರುವರು. ೧೯೫೦ನೆಯ ಇಸವಿ ಜನವರಿ ೨೬ರಂದು ಭಾರತ ಗಣರಾಜ್ಯವು ಅಶೋಕಸ್ತಂಭದ ಆ ಶಿರೋಭಾಗವನ್ನು ತನ್ನ ಲಾಂಛನವಾಗಿ ಅಂಗೀಕರಿಸಿತು. ಧ್ವಜದ ನಡುವಣ ಚಕ್ರವೂ ಅಲ್ಲಿಂದ ಬಂದುದೇ. ಆದರೆ ಆ ಚಕ್ರವರ್ತಿಯ ಹೆಸರು ಆತನದೇ ಶಾಸನವೊಂದರಲ್ಲಿ ಮೊಟ್ಟಮೊದಲು ದೊರೆತದ್ದು ಕಾಶಿಯ ಬಳಿಯಲ್ಲಲ್ಲ, ಪಾಟಲಿಪುತ್ರದಲ್ಲಲ್ಲ. ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ, ಗುಡ್ಡದ ಬಂಡೆಯೊಂದರ ಮೇಲೆ. ಈ ಸಂಗತಿಯನ್ನು ಪಾಠಶಾಲೆಯ ಪುಸ್ತಕಗಳು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುವುವು. ಪರೀಕ್ಷೆ ಮುಗಿದ ಮೇಲೆ ಆ ವಾಕ್ಯವನ್ನು ನೆನಪಿನಲ್ಲಿಡುವವರು ವಿರಳ.

ಹೆಸರು ದೊರೆಯುವುದು ಏಕೆ ಅಷ್ಟು ದೊಡ್ಡ ಮಾತಾಯಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬ್ರಾಹ್ಮೀ ಲಿಪಿಯನ್ನು ಓದುವ ವಿದ್ಯೆ ನಮ್ಮ ದೇಶದಲ್ಲಿ ಎಷ್ಟೋ ಶತಮಾನಗಳ ಕಾಲ ಸಂಪೂರ್ಣವಾಗಿ ಮರೆತುಹೋಗಿದ್ದಿತು. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕನು ಎರಡು ಅಶೋಕಸ್ತಂಭಗಳನ್ನು ದೂರದಿಂದ ತರಿಸಿ ತನ್ನ ರಾಜಧಾನಿಯಲ್ಲಿ ನಿಲ್ಲಿಸಿದಾಗ, ಅವುಗಳ ಮೇಲಿನ ಬರಹವನ್ನು ಓದಿ ಹೇಳಬಲ್ಲ ಪಂಡಿತನೊಬ್ಬನೂ ಸಿಗಲಿಲ್ಲ. ೧೮೩೭ರಲ್ಲಿ ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ ಎಂಬಾತನು ಆ ಲಿಪಿಯ ಗಂಟನ್ನು ಬಿಚ್ಚಿದನು. ಬಿಚ್ಚಿದರೇನು? ಶಾಸನಗಳಲ್ಲೆಲ್ಲ ಮಾತನಾಡುತ್ತಿದ್ದವನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳುಳ್ಳ ಯಾವನೋ ಒಬ್ಬ ದೊರೆ. ಪ್ರಿನ್ಸೆಪನು ಮೊದಲು ಅವನನ್ನು ಸಿಂಹಳದ ಅರಸನೆಂದು ಭಾವಿಸಿದನು. ಆ ಸಿಂಹಳದಲ್ಲಿಯೇ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಎಂಬಾತನು ಪಾಳಿ ಗ್ರಂಥಗಳನ್ನು ಶೋಧಿಸಿ, ಪ್ರಿಯದರ್ಶಿಯೆಂದರೆ ಚಂದ್ರಗುಪ್ತನ ಮೊಮ್ಮಗನಾದ ಅಶೋಕನೇ ಎಂದು ತೋರಿಸಿಕೊಟ್ಟನು. ಗ್ರಂಥದ ಸಾಕ್ಷ್ಯವು ಹೀಗೆ ಸಿಕ್ಕಿತು. ಕಲ್ಲಿನ ಸಾಕ್ಷ್ಯ ಮಾತ್ರ ಸಿಕ್ಕಲಿಲ್ಲ. ಅದಕ್ಕಾಗಿ ವಿದ್ವಾಂಸರು ಎಪ್ಪತ್ತೆಂಟು ವರ್ಷ ಕಾಯಬೇಕಾಯಿತು.

ಆ ಸಾಕ್ಷ್ಯವನ್ನು ಕಂಡುಹಿಡಿದವನು ವಿದ್ವಾಂಸನೂ ಅಲ್ಲ. ೧೯೧೫ರಲ್ಲಿ ಸಿ. ಬೀಡನ್ ಎಂಬ ಗಣಿಯ ಇಂಜಿನಿಯರನು ಆಗ ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಆ ಸೀಮೆಯಲ್ಲಿ ಚಿನ್ನವನ್ನು ಹುಡುಕುತ್ತಿದ್ದನು. ಮಸ್ಕಿಯ ಗುಡ್ಡದಲ್ಲಿ ಅವನ ಕಣ್ಣಿಗೆ ಬಿದ್ದುದು ಅಕ್ಷರಗಳು. ಅವನ್ನು ಸಂಪಾದಿಸಿ ಪ್ರಕಟಿಸಿದವರು ನಮ್ಮ ಹೊಸಕೋಟೆಯ ಕೃಷ್ಣಶಾಸ್ತ್ರಿಗಳು. ಶಾಸನದ ಮೊದಲಲ್ಲಿಯೇ ‘ದೇವಾನಾಂಪ್ರಿಯ ಅಶೋಕನ’ ಎಂಬ ಅರ್ಥದ ಮಾತು ಸ್ಪಷ್ಟವಾಗಿದ್ದಿತು. ಅಲ್ಲಿಗೆ ವಾದವು ತೀರಿತು. ತರುವಾಯ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೊಳಗಳಲ್ಲಿಯೂ ಆತನ ಹೆಸರುಳ್ಳ ಶಾಸನಗಳು ದೊರೆತುವು. ಎಣಿಸಿ ನೋಡಿದರೆ ಹೆಸರಿರುವ ನಾಲ್ಕು ಸ್ಥಳಗಳಲ್ಲಿ ಮೂರು ಕನ್ನಡನಾಡಿನವು. ಇದರಿಂದ ಅಶೋಕನನ್ನು ಕನ್ನಡಿಗನೆಂದು ಸಾರಲು ನಾವು ಹೊರಟಿಲ್ಲ. ಅಂಥ ಉತ್ಸಾಹಿಗಳು ಬೇರೆ ಇದ್ದಾರೆ. ಶಾಸನಗಳ ಭಾಷೆ ಪ್ರಾಕೃತ. ಅವನ್ನು ಕೇಳಿದ ನಮ್ಮ ಪೂರ್ವಿಕರಿಗೆ ಯಾರಾದರೂ ಅರ್ಥ ಹೇಳಬೇಕಾಗಿದ್ದಿತೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆ ಶಾಸನಗಳನ್ನು ಬರೆದವನು ಯಾರು? ಒಬ್ಬನ ಹೆಸರು ನಮಗೆ ಗೊತ್ತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಮೂರು ಪ್ರತಿಗಳನ್ನು ಬಿ. ಎಲ್. ರೈಸ್ ಸಾಹೇಬರು ೧೮೯೨ರಲ್ಲಿ ಕಂಡುಹಿಡಿದರು. (ಪ್ರಿನ್ಸೆಪನು ಬ್ರಾಹ್ಮಿಯನ್ನು ಓದಿದ ೧೮೩೭ರಲ್ಲಿಯೇ ರೈಸರು ಬೆಂಗಳೂರಿನಲ್ಲಿ ಹುಟ್ಟಿದುದು ಒಂದು ಯೋಗಾಯೋಗ.) ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸಿ ಕಳುಹಿಸಿದ ಆಜ್ಞೆಯದು. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಬಂದ ಸುತ್ತೋಲೆಯೆಂದರೆ ನಮ್ಮ ಅಧಿಕಾರಿ ವಾಚಕರಿಗೆ ಚೆನ್ನಾಗಿ ಅರ್ಥವಾದೀತು. ತಾಯಿತಂದೆಗಳ ಶುಶ್ರೂಷೆ ಮಾಡಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರಾಂಶ. ಕೊನೆಯಲ್ಲಿ ಲಿಪಿಕಾರ ಚಪಡನು ಬರೆದುದೆಂದು ಅಂಕಿತವಿದೆ. ವಿಚಿತ್ರವೇನೆಂದರೆ, ಮೊದಲಿನಿಂದ ಬ್ರಾಹ್ಮಿಯಲ್ಲಿ ಬರೆದುಕೊಂಡು ಬಂದ ಈ ಪುಣ್ಯಾತ್ಮನು ‘ಲಿಪಿಕಾರ’ ಎಂಬ ತನ್ನ ಉದ್ಯೋಗದ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ! ಖರೋಷ್ಠಿಯು ಗಾಂಧಾರದ ಕಡೆಯ ಲಿಪಿ. ಬಲಗಡೆಯಿಂದ ಎಡಗಡೆಗೆ ಬರೆಯುವಂಥದು. ತಕ್ಷಶಿಲೆಯ ಕಡೆ ಅಕ್ಷರ ಕಲಿತವನೊಬ್ಬನು ಸರಕಾರಿ ಕೆಲಸದ ಮೇಲೆ ಮೊಳಕಾಲ್ಮೂರಿನ ಬೆಟ್ಟಗಳವರೆಗೆ ಬಂದನೆಂದು ಊಹಿಸಿದರೆ ತಪ್ಪಾಗದು. ತನ್ನ ವಿದ್ಯೆಯನ್ನು ಯಾರಾದರೂ ಗುರುತಿಸಲೆಂದು ಬರೆದನೋ, ಊರಿನ ನೆನಪಾಗಿ ಬರೆದನೋ, ಯಾರು ಬಲ್ಲರು? ವರ್ಗಾವಣೆಯ ಕಷ್ಟವು ಮೌರ್ಯರ ಕಾಲದಲ್ಲಿಯೂ ಇದ್ದಂತೆ ತೋರುತ್ತದೆ.

ಇಷ್ಟೆಲ್ಲ ಹಳೆಯ ಕಥೆಯಾಯಿತು. ನಾವು ಇಂದು ವಿಶೇಷವಾಗಿ ಹೇಳಬೇಕೆಂದಿರುವುದು ಸನ್ನತಿಯ ವಿಷಯವನ್ನು.

ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಡದ ಮೇಲಿರುವ ಸನ್ನತಿಯು ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ಪ್ರಸಿದ್ಧವಾದುದು. ೧೯೮೬ರಲ್ಲಿ ಆ ದೇವಾಲಯದ ಆವರಣದಲ್ಲಿನ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಗೆ ಧಕ್ಕೆಯಾಯಿತು, ಅದರ ಕೆಳಗೆ ಪೀಠವಾಗಿ ಹಾಸಿದ್ದ ಚಪ್ಪಡಿಯು ಬೆಳಕಿಗೆ ಬಂದಿತು. ನೋಡಿದರೆ ಚಪ್ಪಡಿಯ ಎರಡೂ ಮಗ್ಗುಲಲ್ಲಿ ಬ್ರಾಹ್ಮೀ ಅಕ್ಷರಗಳು! ಒಂದು ಕಡೆ ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳು, ಇನ್ನೊಂದು ಕಡೆ ‘ಪ್ರತ್ಯೇಕ ಶಾಸನ’ಗಳೆಂದು ವಿದ್ವಾಂಸರು ಕರೆಯುವ ಎರಡು ಲೇಖಗಳು. ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಕಲ್ಲಿನ ನಡುವೆ ಕೊರೆದ ಗುಳಿಯು ಬರಹದ ಒಂದು ಭಾಗವನ್ನು ನುಂಗಿಬಿಟ್ಟಿತ್ತು. ಈ ಪ್ರತ್ಯೇಕ ಶಾಸನಗಳು ಅದುವರೆಗೆ ಕಳಿಂಗ ದೇಶದ ಧೌಳಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದುವು. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದೂ, ನ್ಯಾಯಾಧಿಕಾರಿಗಳು ಯಾರನ್ನೂ ಕಾರಣವಿಲ್ಲದೆ ಬಂಧಿಸಕೂಡದೆಂದೂ ಗೆದ್ದ ನಾಡಿನ ಅಧಿಕಾರಿಗಳಿಗೆ ಚಕ್ರವರ್ತಿಯು ಬರೆಸಿದ ಎಚ್ಚರಿಕೆಗಳವು. ಅವೇ ಮಾತುಗಳನ್ನು ಭೀಮೆಯ ದಡದಲ್ಲಿ ಏಕೆ ಬರೆಸಿದನು? ಈ ಸೀಮೆಯೂ ಹೊಸದಾಗಿ ಕೈಗೆ ಬಂದು ಕಳಿಂಗದಂತೆಯೇ ನಾಜೂಕಿನ ಸ್ಥಿತಿಯಲ್ಲಿದ್ದಿತೇ? ವಿದ್ವಾಂಸರ ಚರ್ಚೆ ಮುಗಿದಿಲ್ಲ. ಹದಿನಾಲ್ಕು ಶಾಸನಗಳ ಮಾಲೆಯಲ್ಲಿ ಎರಡೇ ಈ ಕಲ್ಲಿನ ಮೇಲಿರುವುದರಿಂದ, ಉಳಿದವನ್ನು ಹೊತ್ತ ಜೊತೆಗಲ್ಲುಗಳು ಅಲ್ಲಿ ಒಂದು ಕಾಲದಲ್ಲಿ ಇದ್ದಿರಬೇಕು.

ಹನ್ನೆರಡನೆಯ ಶಾಸನದ ವಿಷಯವೇನೆಂಬುದನ್ನು ಇಲ್ಲಿ ಹೇಳದೆ ಇರಲಾರೆವು. ತನ್ನ ಮತವನ್ನು ಹೊಗಳಿ ಪರಮತವನ್ನು ತೆಗಳುವವನು ತನ್ನ ಮತಕ್ಕೇ ಕೇಡು ಮಾಡುವನು, ಆದಕಾರಣ ಎಲ್ಲ ಪಂಥದವರೂ ಒಬ್ಬರ ಧರ್ಮವನ್ನು ಇನ್ನೊಬ್ಬರು ಆಲಿಸಬೇಕು ಎಂಬುದು ಅದರ ತಾತ್ಪರ್ಯ. ಬೌದ್ಧ ದೊರೆಯ ಈ ಮಾತನ್ನು ಕಾಳಿಯು ಶತಮಾನಗಳ ಕಾಲ ತನ್ನ ಪಾದದಡಿಯಲ್ಲಿ ಕಾಪಾಡಿದಳು. ಕಲ್ಲನ್ನು ಪೀಠವಾಗಿ ಮಾಡಿದವರನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಸುಲ್ತಾನನ ಪಂಡಿತರಿಗೇ ಓದಲು ಬಾರದಿದ್ದುದನ್ನು ಊರಿನ ಶಿಲ್ಪಿಯು ಓದಬೇಕಿತ್ತೆಂದು ಹೇಳುವುದು ನ್ಯಾಯವಲ್ಲ. ನಯವಾದ ಒಳ್ಳೆಯ ಚಪ್ಪಡಿಯೊಂದು ಸಿಕ್ಕಿತು, ಉಪಯೋಗಿಸಿದನು. ಆ ಉಪಯೋಗದಿಂದಲೇ ಕಲ್ಲು ಉಳಿಯಿತು. ಬಯಲಿನಲ್ಲಿ ಬಿದ್ದ ಅದರ ಜೊತೆಗಾರರ ಗತಿ ಏನಾಯಿತೋ!

ಸನ್ನತಿಗೆ ಹತ್ತಿರದ ಕನಗನಹಳ್ಳಿಯಲ್ಲಿ ೧೯೯೦ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು ಅಗೆದಾಗ ಮಹಾಸ್ತೂಪವೊಂದು ಹೊರಬಂದಿತು. ಅದರ ಸುಣ್ಣಕಲ್ಲಿನ ಫಲಕವೊಂದರಲ್ಲಿ ಪರಿವಾರಸಹಿತನಾದ ರಾಜನ ಚಿತ್ರವಿದೆ. ಅದರೊಡನೆ ‘ರಾಯೋ ಅಸೋಕೋ’ ಎಂದು ಬರೆದಿದೆ. ಅಶೋಕನಿಗಿಂತ ಶತಮಾನಗಳ ತರುವಾಯದ ಕೆತ್ತನೆಯಾದ್ದರಿಂದ ಇದನ್ನು ಆತನ ನಿಜವಾದ ಮುಖವೆಂದು ಹೇಳಲಾಗದು. ಆದರೂ ಹೆಸರು ಬರೆದು ತೋರಿಸಿದ ಅಶೋಕನ ಚಿತ್ರ ಇನ್ನೆಲ್ಲಿದೆ? ಇಂಥ ಸ್ತೂಪದ ಕಲ್ಲುಗಳು ಅಗೆದು ತೆಗೆದ ಮೇಲೆ ವರ್ಷಾನುಗಟ್ಟಲೆ ಬಿಸಿಲುಮಳೆಗಳಲ್ಲಿ ಬಿದ್ದುಕೊಂಡಿದ್ದುವು. ಜೋಡಿಸಿ ನಿಲ್ಲಿಸುವ ಕೆಲಸವನ್ನು ಇಲಾಖೆಯವರು ಕೈಕೊಂಡುದು ತೀರ ಈಚೆಗೆ, ೨೦೨೨ರ ಸುಮಾರಿಗೆ. ಮಣ್ಣು ಎರಡು ಸಾವಿರ ವರ್ಷ ಕಾಪಾಡಿದ ಒಡವೆಯನ್ನು ನಾವು ಇಪ್ಪತ್ತು ವರ್ಷ ಕಾಪಾಡಲಾರದೆ ಹೋದೆವು. ಅಗೆಯುವುದಕ್ಕೆ ಹಣವುಂಟು, ಅಗೆದುದಕ್ಕೆ ಸೂರು ಹಾಕುವುದಕ್ಕೆ ಇಲ್ಲವೆಂದರೆ ಅಗೆಯದಿರುವುದೇ ಲೇಸೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಇದು ಒಂದೂರಿನ ಕಥೆಯಲ್ಲ. ೨೦೧೩ರಲ್ಲಿ ಕೇಂದ್ರದ ಮಹಾಲೇಖಪಾಲರು ಸಂರಕ್ಷಿತ ಸ್ಮಾರಕಗಳಲ್ಲಿ ೧,೬೫೫ನ್ನು ಪರೀಕ್ಷಿಸಿ, ೯೨ ಕಾಣೆಯಾಗಿವೆಯೆಂದು ವರದಿ ಮಾಡಿದರು. ಇಲಾಖೆಯವರು ಹುಡುಕಿ ೪೨ನ್ನು ಪತ್ತೆಹಚ್ಚಿದರು. ಉಳಿದ ೫೦ರಲ್ಲಿ ೧೪ ಪಟ್ಟಣಗಳ ಬೆಳವಣಿಗೆಗೆ ತುತ್ತಾದುವೆಂದೂ, ೧೨ ಜಲಾಶಯಗಳಲ್ಲಿ ಮುಳುಗಿದುವೆಂದೂ, ೨೪ರ ಸುಳಿವೇ ಇಲ್ಲವೆಂದೂ ೨೦೨೨ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಒಪ್ಪಿಕೊಳ್ಳಬೇಕಾಯಿತು. ಆಗ ಪಟ್ಟಿಯಲ್ಲಿದ್ದ ೩,೬೯೩ ಸ್ಮಾರಕಗಳಲ್ಲಿ ಕಾವಲುಗಾರರನ್ನು ನೇಮಿಸಲು ಸಾಧ್ಯವಾಗಿದ್ದುದು ೨೪೮ರಲ್ಲಿ ಮಾತ್ರ. ಮನೆಯ ಕಣಜದಲ್ಲಿ ಎಷ್ಟು ಭತ್ತವಿದೆಯೆಂದು ತಿಳಿಯದ ಯಜಮಾನನನ್ನು ಊರವರು ಏನೆನ್ನುವರು? ಇದು ಪಟ್ಟಿಗೆ ಸೇರಿದವುಗಳ ಪಾಡು. ಪಟ್ಟಿಗೆ ಸೇರದೆ ಕೆರೆಯೇರಿ, ಹೊಲದ ಬದು, ಹಾಳುಗುಡಿಗಳಲ್ಲಿ ನಿಂತಿರುವ ವೀರಗಲ್ಲು ಶಾಸನಗಳ ವಿಷಯವನ್ನು ಕೇಳುವವರೇ ಇಲ್ಲ.

ಕಾನೂನಿಲ್ಲವೆಂದು ಯಾರೂ ಹೇಳಲಾರರು. ಕೇಂದ್ರದ ೧೯೫೮ರ ಶಾಸನವಿದೆ. ೨೦೧೦ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಕಟ್ಟಡ ಕಟ್ಟಕೂಡದು. ಆದರೆ ಈ ಕಟ್ಟಳೆಯು ಪಟ್ಟಿಯಲ್ಲಿದ್ದುದನ್ನು ಮಾತ್ರ ಕಾಯುವುದು. ಸನ್ನತಿಯ ಚಪ್ಪಡಿಯು ೧೯೮೫ರಲ್ಲಿ ಯಾವ ಪಟ್ಟಿಯಲ್ಲಿದ್ದಿತು? ಕಲ್ಲುಗಣಿಯವನ ಸಿಡಿಮದ್ದಿಗೂ, ಅಕ್ಷರವಿದ್ದಲ್ಲೆಲ್ಲ ನಿಧಿಯಿದೆಯೆಂದು ನಂಬಿ ಅಮಾವಾಸ್ಯೆಯ ರಾತ್ರಿ ಹಾರೆ ಹಿಡಿದು ಹೊರಡುವವರಿಗೂ, ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲನ್ನು ಕಿತ್ತು ಹೊಸ ಹಾಸುಗಲ್ಲು ಹಾಕಿಸುವ ಭಕ್ತಾದಿಗಳಿಗೂ ಪಟ್ಟಿಯ ಹಂಗಿಲ್ಲ. ಇವರಲ್ಲಿ ಮೂರನೆಯವರೇ ಹೆಚ್ಚು ಅಪಾಯಕಾರಿಗಳೆಂದು ನಮ್ಮ ಅಭಿಪ್ರಾಯ. ಕಳ್ಳನಿಗೆ ಅಂಜಿಕೆಯಾದರೂ ಉಂಟು. ಪುಣ್ಯಕಾರ್ಯ ಮಾಡುತ್ತಿರುವೆನೆಂದು ನಂಬಿದವನಿಗೆ ಅದೂ ಇಲ್ಲ.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ನಗರದ ಸುತ್ತಣ ಶಾಸನಗಳನ್ನು ಹುಡುಕಿ, ಹೊಸ ಯಂತ್ರಗಳಿಂದ ಅಕ್ಷರ ಅಕ್ಷರದ ಪ್ರತಿಕೃತಿಯನ್ನು ತೆಗೆದಿಡುತ್ತಿರುವುದು ಮೆಚ್ಚತಕ್ಕ ಕೆಲಸ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನು ಅಳಿವಿನಿಂದ ಬಿಡಿಸಿಕೊಂಡವರೂ ಇಂಥ ಆಸಕ್ತ ನಾಗರಿಕರೇ. ರಾಜಧಾನಿಯಲ್ಲಿ ಆದುದು ಕಲಬುರಗಿ ರಾಯಚೂರುಗಳಲ್ಲಿ ಏಕೆ ಆಗಬಾರದು? ಇದಕ್ಕೆ ಬೇಕಾದುದು ಕೋಟಿಗಟ್ಟಲೆ ಹಣವಲ್ಲ. ಗ್ರಾಮ ಪಂಚಾಯಿತಿಯಲ್ಲಿ ಒಂದು ದಫ್ತರವನ್ನಿಟ್ಟು, ಊರ ಸರಹದ್ದಿನಲ್ಲಿ ಅಕ್ಷರವುಳ್ಳ ಕಲ್ಲು ಎಲ್ಲೆಲ್ಲಿದೆ, ಯಾರ ಜಮೀನಿನಲ್ಲಿದೆ ಎಂಬುದನ್ನು ಬರೆಯಿಸಿ, ಕಂದಾಯದ ಅಧಿಕಾರಿಗಳು ತನಿಖೆಗೆ ಬಂದಾಗಲೆಲ್ಲ ಅದಕ್ಕೆ ರುಜು ಹಾಕುವಂತೆ ಸರಕಾರದವರು ಆಜ್ಞೆ ಮಾಡಲಿ. ಗಣಿಯ ಪರವಾನಗಿಯನ್ನೂ ದೇವಾಲಯದ ಜೀರ್ಣೋದ್ಧಾರದ ಮಂಜೂರಾತಿಯನ್ನೂ ಆ ದಫ್ತರ ನೋಡದೆ ಕೊಡದಿರಲಿ. ಮೊದಲ ದಫ್ತರವನ್ನು ಸನ್ನತಿಯಲ್ಲಿಯೇ ತೆರೆಯಲಿ. ಭೀಮೆಯ ಎರಡೂ ದಡಗಳ ಗುಡಿಗಳಲ್ಲಿ, ಮನೆಗಳ ಮೆಟ್ಟಿಲುಗಳಲ್ಲಿ, ಬಟ್ಟೆ ಒಗೆಯುವ ಕಲ್ಲುಗಳಲ್ಲಿ ಆ ಚಪ್ಪಡಿಯ ಜೊತೆಗಾರರು ಇನ್ನೂ ಸಿಕ್ಕಿಲ್ಲ.