ಗೆಳೆಯನ ಪಾಲು

ಆರನ್ ಸಾರ್ಕಿನ್ ತಮ್ಮ ಹಳೆಯ ಚಿತ್ರಕಥೆಯ ಮುಂದಿನ ಭಾಗವನ್ನು ತಾವೇ ಬರೆದು ನಿರ್ದೇಶಿಸುತ್ತಾರೆಂಬ ಸುದ್ದಿ 2025ರಲ್ಲಿ ಹೊರಬಿದ್ದ ಮೇಲೆ ‘ದಿ ಸೋಷಿಯಲ್ ನೆಟ್‌ವರ್ಕ್’ ಮತ್ತೆ ಮಾತಿಗೆ ಬಂದಿದೆ. ಡೇವಿಡ್ ಫಿಂಚರ್ ನಿರ್ದೇಶನದ ಈ ಚಿತ್ರ ತೆರೆಕಂಡದ್ದು 2010ರ ಅಕ್ಟೋಬರ್‌ನಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯೊಂದರಲ್ಲಿ ಫೇಸ್‌ಬುಕ್ ಹುಟ್ಟಿದ್ದು, ಅದು ಬೆಳೆದಂತೆ ಜೊತೆಗಿದ್ದವರು ದಾವೆ ಹೂಡಿ ಎದುರುಬದುರು ಕೂತದ್ದು ಅದರ ಕಥೆ. ಸ್ಟಾರ್ಟಪ್ ಕಟ್ಟುವ ಹುರುಪಿನಲ್ಲಿರುವವರು ಇದನ್ನು ಗೆದ್ದವನ ಕಥೆಯೆಂದು ನೋಡುತ್ತಾರೆ. ನನಗೆ ಇದು ಜೊತೆಗಿದ್ದು ಹೊರಗುಳಿದವನ ಕಥೆ. ಹದಿನೈದು ವರ್ಷ ಕಳೆದರೂ ಚಿತ್ರ ಹಳತಾಗದೆ ಉಳಿದಿರುವುದು ಆ ಕಾರಣಕ್ಕೇ ಎಂದು ನಾನು ನಂಬಿದ್ದೇನೆ.

ಚಿತ್ರದ ಆರಂಭದ ಒಂದು ದೃಶ್ಯ ನೋಡಿ. 2003ರ ಅಕ್ಟೋಬರ್‌ನ ರಾತ್ರಿ. ಗೆಳತಿ ಬಿಟ್ಟುಹೋದ ಸಿಟ್ಟಿನಲ್ಲಿ ಮಾರ್ಕ್ ಝುಕರ್‌ಬರ್ಗ್ ಬಿಯರ್ ಕುಡಿಯುತ್ತಾ ಕಂಪ್ಯೂಟರ್ ಮುಂದೆ ಕೂತಿದ್ದಾನೆ. ಹಾಸ್ಟೆಲುಗಳ ಜಾಲತಾಣಗಳಿಂದ ಹುಡುಗಿಯರ ಫೋಟೋ ಕದ್ದು, ಎರಡೆರಡನ್ನು ಪಕ್ಕಪಕ್ಕದಲ್ಲಿಟ್ಟು, ಇಬ್ಬರಲ್ಲಿ ಯಾರು ಚೆಂದ ಎಂದು ಮತ ಹಾಕಿಸುವ ‘ಫೇಸ್‌ಮ್ಯಾಶ್’ ಎಂಬ ಪುಟ ಕಟ್ಟುತ್ತಿದ್ದಾನೆ. ಗೆಳತಿ ಬಿಟ್ಟುಹೋದ ವಿಷಯ ತಿಳಿದು ಗೆಳೆಯ ಎಡ್ವಾರ್ಡೊ ಸಾವೆರಿನ್ ಕೋಣೆಗೆ ಬರುತ್ತಾನೆ. ನಿನ್ನ ಜೊತೆ ನಾನಿದ್ದೇನೆ ಎಂದು ಹೇಳಲು ಬಂದವನು ಅವನು. ಮಾರ್ಕ್‌ಗೆ ಬೇಕಾಗಿರುವುದು ಆ ಸಮಾಧಾನವಲ್ಲ, ಚೆಸ್ ಆಟಗಾರರಿಗೆ ಶ್ರೇಯಾಂಕ ಕೊಡಲು ಎಡ್ವಾರ್ಡೊ ಬಳಸುತ್ತಿದ್ದ ಸೂತ್ರ. ಹುಡುಗಿಯರಿಗೆ ಅಂಕ ಹಾಕಲು ಅದು ಬೇಕು. ಇದು ಒಳ್ಳೆಯದಲ್ಲವೇನೋ ಎಂದು ಎಡ್ವಾರ್ಡೊ ಹಿಂಜರಿಯುತ್ತಾನೆ. ಮಾರ್ಕ್ ಮತ್ತೆ ಕೇಳುತ್ತಾನೆ. ಎಡ್ವಾರ್ಡೊ ಪೆನ್ನೆತ್ತಿಕೊಂಡು ಕಿಟಕಿಯ ಗಾಜಿನ ಮೇಲೆ ಸೂತ್ರ ಬರೆಯುತ್ತಾನೆ.

ಈ ಗೆಳೆತನದ ಇಡೀ ಸ್ವಭಾವ ಆ ಒಂದು ನಿಮಿಷದಲ್ಲಿದೆ. ಒಬ್ಬ ಮನಸ್ಸು ಕೊಡಲು ಬಂದ, ಇನ್ನೊಬ್ಬ ಲೆಕ್ಕದ ಸೂತ್ರ ಕೇಳಿದ. ಹಾಗೆಂದು ಮಾರ್ಕ್ ದುಷ್ಟನಲ್ಲ. ತಲೆಯಲ್ಲಿ ಹೊಕ್ಕಿರುವ ಕೆಲಸ ಬಿಟ್ಟು ಬೇರೇನೂ ಅವನ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಎಡ್ವಾರ್ಡೊ ದಡ್ಡನೂ ಅಲ್ಲ. ಗೆಳೆಯನಿಗೆ ಉಪಯೋಗಕ್ಕೆ ಬರುವುದು, ಗೆಳೆಯನಿಗೆ ಬೇಕಾದವನಾಗುವುದು, ಎರಡೂ ಒಂದೇ ಎಂದು ಅವನು ತಿಳಿದುಕೊಂಡ. ಮುಂದಿನ ಎರಡು ಗಂಟೆಯಲ್ಲಿ ನಾವು ನೋಡುವುದು ಅವೆರಡೂ ಬೇರೆ ಬೇರೆ ಎಂಬುದನ್ನು ಅವನು ಕಲಿಯುವ ಬಗೆಯನ್ನು.

2004ರ ಫೆಬ್ರವರಿ 4ರಂದು ‘ದಿಫೇಸ್‌ಬುಕ್’ ಶುರುವಾಯಿತು. ಚಿತ್ರದ ಪ್ರಕಾರ ಅದಕ್ಕೆ ಎಡ್ವಾರ್ಡೊ ಹಾಕಿದ ಮೊದಲ ಹಣ 1,000 ಡಾಲರ್. ಪಾಲು ಮಾರ್ಕ್‌ಗೆ 70, ಎಡ್ವಾರ್ಡೊಗೆ 30. ಹಣಕಾಸು ನೋಡಿಕೊಳ್ಳುವ ಹೊಣೆಯೂ ಅವನದೇ. ಬೇಸಿಗೆ ಬಂದಾಗ ಮಾರ್ಕ್ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋಗೆ ಹೋದ, ಎಡ್ವಾರ್ಡೊ ಇನ್ನೂ 18,000 ಡಾಲರ್ ಖಾತೆಗೆ ಹಾಕಿ ನ್ಯೂಯಾರ್ಕ್‌ನಲ್ಲಿ ಜಾಹೀರಾತುದಾರರ ಬಾಗಿಲು ತಟ್ಟುತ್ತಾ ಉಳಿದ. ಪಾಲೋ ಆಲ್ಟೋದಲ್ಲಿ ಮಾರ್ಕ್‌ನ ಕಿವಿಗೆ ಬಿದ್ದದ್ದು ನ್ಯಾಪ್‌ಸ್ಟರ್ ಎಂಬ ಹಾಡು ಹಂಚಿಕೆ ತಾಣದ ಖ್ಯಾತಿಯ ಶಾನ್ ಪಾರ್ಕರ್‌ನ ಮಾತು. ಬಂದದ್ದು ಪೀಟರ್ ಥೀಲ್ ಹೂಡಿದ ಐದು ಲಕ್ಷ ಡಾಲರ್. ತನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂಬ ಸಿಟ್ಟಿನಲ್ಲಿ ಎಡ್ವಾರ್ಡೊ ಬ್ಯಾಂಕ್ ಖಾತೆಯನ್ನೇ ಸ್ತಂಭನಗೊಳಿಸಿದ. ಅದು ಅವನ ತಪ್ಪು, ದೊಡ್ಡ ತಪ್ಪು. ಸರ್ವರ್ ಒಂದು ದಿನ ನಿಂತರೂ ಕಂಪನಿಗೆ ಕುತ್ತು ಬರುವ ಹೊತ್ತು ಅದು. ಚಿತ್ರ ಇದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಕಂಪನಿಯ ಹೊಸ ಕಾಗದಗಳು ಬಂದವು. ವಕೀಲರು ತೋರಿಸಿದ ಕಡೆ ಎಡ್ವಾರ್ಡೊ ಸಹಿ ಹಾಕಿದ. ಅವರು ತನ್ನ ಪರವಾಗಿಯೂ ಇರುವ ವಕೀಲರೆಂದು ನಂಬಿದ್ದ. ಹತ್ತು ಲಕ್ಷ ಸದಸ್ಯರಾದ ಸಂಭ್ರಮಕ್ಕೆ ಕರೆದಿದ್ದಾರೆಂದು ಬಂದವನಿಗೆ ಗೊತ್ತಾದದ್ದು, ತನ್ನ ಪಾಲು ಶೇ 0.03ಕ್ಕೆ ಇಳಿದಿದೆ ಎಂದು. ಸ್ಟಾರ್ಟಪ್ ಲೋಕದಲ್ಲಿ ಇದಕ್ಕೆ ಡೈಲ್ಯೂಷನ್ ಎನ್ನುತ್ತಾರೆ. ಹೊಸ ಹೂಡಿಕೆದಾರರು ಬಂದಾಗ ಹೊಸ ಷೇರು ಹುಟ್ಟುತ್ತವೆ, ಹಳಬರ ಪಾಲು ತೆಳುವಾಗುತ್ತದೆ. ನೆಂಟರು ಹೆಚ್ಚಾದಾಗ ಸಾರಿಗೆ ನೀರು ಬೆರೆಸಿದ ಹಾಗೆ. ಅದರಲ್ಲಿ ಮೋಸವೇನಿಲ್ಲ, ಸಾರು ಎಲ್ಲರಿಗೂ ತೆಳ್ಳಗೇ ಬೀಳುತ್ತದೆ. ಇಲ್ಲಿ ಹಾಗಾಗಲಿಲ್ಲ. ದಾವೆಯ ವಿಚಾರಣೆಯಲ್ಲಿ, ವಕೀಲರ ಮೇಜಿನ ಮುಂದೆ ಎಡ್ವಾರ್ಡೊನನ್ನು ಒಬ್ಬೊಬ್ಬರ ಹೆಸರು ಹಿಡಿದು ಕೇಳುತ್ತಾರೆ: ಝುಕರ್‌ಬರ್ಗ್ ಪಾಲು ಎಷ್ಟು ಇಳಿಯಿತು? ಇಳಿಯಲಿಲ್ಲ. ಜೊತೆಗಾರ ಮಾಸ್ಕೊವಿಟ್ಜ್ ಪಾಲು? ಇಳಿಯಲಿಲ್ಲ. ಪಾರ್ಕರ್ ಪಾಲು? ಥೀಲ್ ಪಾಲು? ಇಳಿಯಲಿಲ್ಲ. ಕೊನೆಗೆ ತನ್ನ ಪಾಲಿನ ಅಂಕಿಯನ್ನು ಅವನು ತಾನೇ ಹೇಳಬೇಕು. ಆ ಮೇಜಿನಲ್ಲೇ ಅವನು ಮಾರ್ಕ್‌ಗೆ, ನಿನಗಿದ್ದ ಒಬ್ಬನೇ ಗೆಳೆಯ ನಾನಾಗಿದ್ದೆ ಎಂದು ನೆನಪಿಸುತ್ತಾನೆ. ಎಡ್ವಾರ್ಡೊ ಪಾತ್ರದ ಆಂಡ್ರ್ಯೂ ಗಾರ್ಫೀಲ್ಡ್ ಮುಖದಲ್ಲಿ ಆಗ ಕಾಣುವುದು ಹಣ ಹೋದ ದುಃಖವಲ್ಲ, ತಾನು ಇದ್ದೇ ಇರಲಿಲ್ಲ ಎನ್ನಿಸಿಕೊಂಡ ಅವಮಾನ. ಎದುರಿಗೆ ಮಾರ್ಕ್ ಪಾತ್ರದ ಜೆಸ್ಸಿ ಐಸೆನ್‌ಬರ್ಗ್ ಮುಖದಲ್ಲೂ ಗೆಲುವಿಲ್ಲ.

ಈ ಪಾತ್ರಗಳಿಗೆ ಇಷ್ಟು ಜೀವ ಬಂದದ್ದು ಕಸುಬಿನ ಶ್ರದ್ಧೆಯಿಂದ. ಮಾರ್ಕ್ ಮತ್ತು ಗೆಳತಿ ಬಾರಿನಲ್ಲಿ ಕೂತು ಮಾತಾಡುವ ಮೊದಲ ದೃಶ್ಯವನ್ನು ಫಿಂಚರ್ 99 ಬಾರಿ ಚಿತ್ರಿಸಿದರು. ಮಾತೇ ಮುಖ್ಯವಾದ ಚಿತ್ರಕ್ಕೆ ಟ್ರೆಂಟ್ ರೆಜ್ನರ್ ಮತ್ತು ಅಟಿಕಸ್ ರಾಸ್ ಕೊಟ್ಟ ಸಂಗೀತ ಒಳಗೊಳಗೇ ಕೊರೆಯುವ ಒಂಟಿತನವನ್ನು ತುಂಬಿತು. ಚಿತ್ರಕಥೆ, ಸಂಗೀತ, ಸಂಕಲನ ಮೂರಕ್ಕೂ ಆಸ್ಕರ್ ಬಂತು. ಎರಡು ದಾವೆಗಳ ವಿಚಾರಣೆಯನ್ನು ಚೌಕಟ್ಟು ಮಾಡಿಕೊಂಡದ್ದು ಸಾರ್ಕಿನ್ ಜಾಣ್ಮೆ. ಒಬ್ಬೊಬ್ಬರದೂ ಒಂದೊಂದು ಸತ್ಯ. ಯಾರನ್ನು ನಂಬಬೇಕೆಂಬುದು ನೋಡುವವರಿಗೆ ಬಿಟ್ಟದ್ದು.

ಹಾಗೆ ಬಿಟ್ಟಿದ್ದರಿಂದಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದು ಚರಿತ್ರೆಯಲ್ಲ. ಆಧಾರವಾದ ಬೆನ್ ಮೆಜ್ರಿಕ್ ಪುಸ್ತಕಕ್ಕೆ ಝುಕರ್‌ಬರ್ಗ್ ಮಾತು ಸಿಗಲಿಲ್ಲ. ಬಿಟ್ಟುಹೋದ ಗೆಳತಿ ಎರಿಕಾ ಕಲ್ಪಿತ ಪಾತ್ರ. ಮುಂದೆ ಝುಕರ್‌ಬರ್ಗ್ ಅವರನ್ನು ಮದುವೆಯಾದ ಪ್ರಿಸಿಲ್ಲಾ ಚಾನ್ ಆ ದಿನಗಳಲ್ಲೇ ಅವರಿಗೆ ಪರಿಚಯವಾಗಿದ್ದರೂ ಚಿತ್ರದಲ್ಲಿ ಎಲ್ಲೂ ಇಲ್ಲ. ಸಾವೆರಿನ್ ಪಾಲು ನಿಜದಲ್ಲಿ ಚಿತ್ರ ಹೇಳುವಷ್ಟು ಕೆಳಗೆ ಇಳಿಯಲಿಲ್ಲ. ವ್ಯಾಜ್ಯ ರಾಜಿಯಾಗಿ, ಸಹ ಸಂಸ್ಥಾಪಕ ಎಂಬ ಹೆಸರು ಅವರಿಗೆ ಮರಳಿ ಬಂತು. 2012ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಬಂದಾಗ ಅವರೂ ಶತಕೋಟ್ಯಧಿಪತಿಗಳಲ್ಲಿ ಒಬ್ಬರಾದರು. ಫೇಸ್‌ಬುಕ್‌ನ ಕಲ್ಪನೆ ತಮ್ಮದೆಂದು ಹಕ್ಕು ಸಾಧಿಸಿದ ವಿಂಕಲ್‌ವಾಸ್ ಅವಳಿಗಳು ಮತ್ತು ಭಾರತ ಮೂಲದ ದಿವ್ಯ ನರೇಂದ್ರ ಅವರ ದಾವೆ 2008ರಲ್ಲಿ ಸುಮಾರು 6.5 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. ನರೇಂದ್ರ ಪಾತ್ರವನ್ನು ಭಾರತೀಯರಲ್ಲದ ನಟನಿಗೆ ಕೊಟ್ಟದ್ದು, ಹೆಣ್ಣುಗಳೆಲ್ಲ ಗಂಡಸರ ಆಟದ ಅಂಚಿನಲ್ಲೇ ಉಳಿದದ್ದು, ಈ ಎರಡು ಆಕ್ಷೇಪಗಳೂ ನ್ಯಾಯವಾದವು. ಯಾರ ಅಪ್ಪಣೆಯನ್ನೂ ಕೇಳದೆ ಹತ್ತೊಂಬತ್ತರ ಹುಡುಗನೊಬ್ಬ ಜಗತ್ತಿಗೆ ಏನನ್ನಾದರೂ ಕೊಡಬಲ್ಲ ಎಂಬ ಅಂತರ್ಜಾಲದ ನಿಜವಾದ ವಿಸ್ಮಯವನ್ನೇ ಚಿತ್ರ ಕಾಣಲಿಲ್ಲ ಎಂದು ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಬರೆದರು. ಆ ಮಾತಿನಲ್ಲೂ ಹುರುಳಿದೆ. ಆದರೆ ವಿವರದಲ್ಲಿ ಸಡಿಲವಾದ ಈ ಕಥೆ ಮನುಷ್ಯ ಸಂಬಂಧದ ವಿಷಯದಲ್ಲಿ ಸಡಿಲವಾಗಿಲ್ಲ.

ನಮ್ಮವರಿಗೆ ಇದು ಹೊಸ ಕಥೆಯೂ ಅಲ್ಲ. ಜೊತೆಯಲ್ಲಿ ವಿದ್ಯೆ ಕಲಿಯುವಾಗ ದ್ರುಪದ, ನಾನು ಅರಸನಾದರೆ ರಾಜ್ಯದಲ್ಲಿ ನಿನಗೂ ಪಾಲು ಎಂದು ದ್ರೋಣನಿಗೆ ಮಾತು ಕೊಟ್ಟಿದ್ದ. ಬಡತನದಲ್ಲಿ ಬೆಂದ ದ್ರೋಣ ಆ ಮಾತನ್ನು ನಂಬಿ ಬಂದಾಗ ಪಾಂಚಾಲದ ದೊರೆ ಅವನನ್ನು ಗೆಳೆಯನೆಂದು ಒಪ್ಪಲೇ ಇಲ್ಲ; ಗೆಳೆತನವೇನಿದ್ದರೂ ಸರಿಸಮಾನರ ನಡುವೆ ಎಂದುಬಿಟ್ಟ. ಸಿರಿ ಬಂದವನ ಕಣ್ಣು ಹೇಗೆ ಮಂಜಾಗುತ್ತದೆಂದು ಕನ್ನಡಿಗರು ಪಂಪನ ಕಾವ್ಯದಲ್ಲಿ ಈ ಪ್ರಸಂಗ ಓದಿಯೇ ಕಲಿತಿದ್ದಾರೆ. ಮಹಾಭಾರತದಲ್ಲಿ ಮುಂದಿನದು ಇನ್ನೂ ಮುಖ್ಯ. ದ್ರೋಣ ಶಿಷ್ಯರ ಕೈಯಲ್ಲಿ ದ್ರುಪದನನ್ನು ಹಿಡಿದು ತರಿಸಿದ, ಅರ್ಧ ರಾಜ್ಯ ತಾನಿಟ್ಟುಕೊಂಡು ಅರ್ಧ ಹಿಂದಕ್ಕೆ ಕೊಟ್ಟ. ಪಾಲು ಚುಕ್ತಾ ಆಯಿತು, ಹಗೆ ಚುಕ್ತಾ ಆಗಲಿಲ್ಲ. ದ್ರೋಣನನ್ನು ಕೊಲ್ಲುವ ಮಗ ಬೇಕೆಂದು ದ್ರುಪದ ಯಜ್ಞ ಮಾಡಿದ, ಆ ಮಗ ಕುರುಕ್ಷೇತ್ರದಲ್ಲಿ ಅದನ್ನು ನೆರವೇರಿಸಿದ. ರಾಜಿ ಪತ್ರ ಪಾಲನ್ನು ಕೊಡಿಸಬಹುದು, ಗೆಳೆಯನನ್ನು ಕೊಡಿಸಲಾರದು.

ಹಾಗಾದರೆ ಮಹತ್ವಾಕಾಂಕ್ಷೆಯೇ ಖಳನಾಯಕನೆ? ಹಾಗೆ ಹೇಳುವುದು ಸುಲಭ, ಆದರೆ ತಪ್ಪು. ಏನನ್ನಾದರೂ ಕಟ್ಟಬೇಕೆಂಬ ಹಸಿವಿಲ್ಲದೆ ಕಂಪನಿಯೂ ಏಳುವುದಿಲ್ಲ, ನಾಟಕ ತಂಡವೂ ಏಳುವುದಿಲ್ಲ, ಪತ್ರಿಕೆಯೂ ಏಳುವುದಿಲ್ಲ. ಶುರುವಿನಲ್ಲಿ ಜೊತೆಗಿದ್ದವನು ಕೊನೆಯವರೆಗೂ ಹೆಗಲಿಗೆ ಹೆಗಲು ಕೊಡಲಾಗದೆ ಹೋಗಬಹುದು. ಕೆಲಸ ಬೆಳೆದಷ್ಟು ಅವನು ಬೆಳೆಯದಿರಬಹುದು. ಅಂಥವನನ್ನು ಹೊಣೆಯಿಂದ ಬಿಡಿಸುವುದು ಕ್ರೌರ್ಯವಲ್ಲ. ಆದರೆ ಅದನ್ನು ಅವನ ಮುಖ ನೋಡಿ ಹೇಳಬೇಕು, ಶುರುವಿನ ಋಣಕ್ಕೆ ತಕ್ಕ ಪಾಲು ಕೊಟ್ಟು ಹೇಳಬೇಕು. ಚಿತ್ರದ ಮಾರ್ಕ್ ಮಾಡಿದ ದ್ರೋಹ ಎಡ್ವಾರ್ಡೊನನ್ನು ಬಿಟ್ಟು ಮುಂದೆ ಹೋದದ್ದರಲ್ಲಿಲ್ಲ. ಹೇಳಬೇಕಾದ ಮಾತನ್ನು ತನ್ನ ಬಾಯಿಂದ ಹೇಳದೆ ಕಾಗದದ ಮಡಿಕೆಯಲ್ಲಿ ಅಡಗಿಸಿಟ್ಟದ್ದರಲ್ಲಿದೆ.

ಇದಕ್ಕೆ ತದ್ವಿರುದ್ಧವಾದ ಒಂದು ಗಳಿಗೆ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. 1981ರಲ್ಲಿ ಏಳು ಮಂದಿ 10,000 ರೂಪಾಯಿ ಬಂಡವಾಳದಲ್ಲಿ ಪುಣೆಯಲ್ಲಿ ಕಟ್ಟಿದ ಇನ್ಫೊಸಿಸ್ ಎರಡು ವರ್ಷಗಳ ನಂತರ ಇಲ್ಲಿಗೆ ಬಂತು. 1990ರಲ್ಲಿ ಅದನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳಲು ಒಬ್ಬರು ಮುಂದೆ ಬಂದಾಗ ಆ ಏಳರಲ್ಲಿ ಐವರು ಸಂಸ್ಥಾಪಕರು ಕಚೇರಿಯಲ್ಲಿ ಕೂತು ಮಾತಾಡಿದ್ದನ್ನು ಅವರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಭಾಷಣವೊಂದರಲ್ಲಿ ನೆನೆದಿದ್ದಾರೆ. ಮಾರಿಬಿಡೋಣವೆಂಬ ಒಲವು ಉಳಿದವರದು. ಹಾಗಿದ್ದರೆ ನಿಮ್ಮೆಲ್ಲರ ಪಾಲನ್ನು ನಾನೇ ಕೊಳ್ಳುತ್ತೇನೆ ಎಂದರು ಮೂರ್ತಿ. ಮಾತು ಮುಂದುವರಿದು, ಕೊನೆಗೆ ಯಾರೂ ಮಾರಲಿಲ್ಲ. ಆ ನಿರ್ಧಾರ ತಂದ ಐಶ್ವರ್ಯ ಎಲ್ಲರಿಗೂ ಗೊತ್ತು. ನನಗೆ ಮುಖ್ಯವಾಗಿ ಕಾಣುವುದು, ಭಿನ್ನಾಭಿಪ್ರಾಯ ಎಲ್ಲರೂ ಕೂತಿದ್ದ ಕೋಣೆಯಲ್ಲಿ, ಎಲ್ಲರ ಕಿವಿಗೆ ಬೀಳುವಂತೆ ಹೊರಬಂತು ಎಂಬುದು.

ಆಮೇಲೆ ಈ ಊರು ಬೇರೆ ಜೋಡಿಗಳನ್ನೂ ಕಂಡಿತು. 2007ರಲ್ಲಿ ಕೋರಮಂಗಲದಿಂದ ಪುಸ್ತಕ ಮಾರಲು ಶುರುಮಾಡಿದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್, ನೆಂಟರಲ್ಲದ ಈ ಇಬ್ಬರು, ಫ್ಲಿಪ್‌ಕಾರ್ಟ್ ಕಟ್ಟಿದರು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಅದರ ಬಹುಪಾಲನ್ನು ಕೊಂಡ ವರ್ಷವೇ ಇಬ್ಬರೂ ಅಲ್ಲಿನ ಹುದ್ದೆ ಬಿಟ್ಟರು. ಕಂಪನಿಯ ಬೆಲೆ ಎಷ್ಟೆಂದು ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಬರೆದವು. ಜೊತೆಯಾಗಿ ಶುರುಮಾಡಿದವರ ನಡುವಿನ ವರ್ಷಗಳನ್ನು ಬರೆಯುವುದು ಪತ್ರಿಕಾ ವರದಿಯ ಕೆಲಸವಲ್ಲ. ಅದು ಸಾಹಿತ್ಯದ ಕೆಲಸ.

ಆ ಕೆಲಸದಲ್ಲಿ ಕನ್ನಡ ಇನ್ನೂ ಬಹಳ ದೂರ ಹೋಗಬೇಕಿದೆ. ಒಟ್ಟು ಕುಟುಂಬದ ಆಸ್ತಿ ಹಿಸ್ಸೆಯ ನೋವನ್ನು ನಮ್ಮ ಕಾದಂಬರಿಗಳು ಮೂಲೆಮೂಲೆಯಿಂದ ಶೋಧಿಸಿವೆ. ಅಣ್ಣತಮ್ಮಂದಿರು ಒಂದೇ ಹೊಲದ ಬದುವಿನ ಎರಡು ಕಡೆ ನಿಲ್ಲುವುದು ನಮಗೆ ಚೆನ್ನಾಗಿ ಗೊತ್ತು. ಇವತ್ತಿನ ಹಿಸ್ಸೆಗಳು ಷೇರು ಪತ್ರದ ಮೇಲೆ, ಬಾಡಿಗೆ ಮನೆಯಿಂದ ಕಚೇರಿಯಾದ ಕೋಣೆಗಳಲ್ಲಿ, ಕಾಲೇಜಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರ ನಡುವೆ ಆಗುತ್ತಿವೆ. ಹುಬ್ಬಳ್ಳಿ, ಮೈಸೂರು, ಮಂಗಳೂರುಗಳಲ್ಲೂ ಹುಡುಗ ಹುಡುಗಿಯರು ಕೂಡಿ ಕಂಪನಿ ತೆರೆಯುತ್ತಿದ್ದಾರೆ. ಅವರ ಹಸಿವು, ಅವರ ನಂಬಿಕೆ, ಅವರ ಮುರಿದ ಮಾತು ನಮ್ಮ ಭಾಷೆಯಲ್ಲಿ ಕಥೆಯಾಗಬೇಕು.

ಗೆಳೆಯರ ಜೊತೆ ಏನನ್ನಾದರೂ ಕಟ್ಟಲು ಹೊರಟವರಿಗೆ ನನ್ನದೊಂದು ಬಿನ್ನಹ: ಯಾರ ಪಾಲು ಎಷ್ಟು, ಒಬ್ಬರು ಬಿಟ್ಟುಹೋದರೆ ಏನು ಎಂಬುದನ್ನು ಪ್ರೀತಿ ಇರುವಾಗಲೇ ಮಾತಾಡಿ ಬರೆದಿಡಿ. ಸಹಿ ಹಾಕುವ ಮೊದಲು ನಿಮ್ಮದೇ ವಕೀಲರಿಗೆ ತೋರಿಸಿ. ಅದು ಅಪನಂಬಿಕೆಯಲ್ಲ, ಗೆಳೆತನವನ್ನು ಕಾಪಾಡುವ ದಾರಿ. ಇನ್ನು ಬರೆಯುವವರಿಗೆ: ಜೊತೆಗೂಡಿ ಶುರುಮಾಡಿ ಜೊತೆಯಲ್ಲೇ ಉಳಿದವರ, ದೂರವಾದವರ ಕಥೆ, ಪ್ರಬಂಧ, ನಾಟಕಗಳನ್ನು ನಮಗೆ ಕಳಿಸಿ. ಸಾಫ್ಟ್‌ವೇರ್ ಕಂಪನಿಯದೇ ಆಗಬೇಕೆಂದಿಲ್ಲ, ಹೋಟೆಲು, ಮುದ್ರಣಾಲಯ, ಮೇಳ ಯಾವುದಾದರೂ ಆದೀತು. ಮುಂಬರುವ ಸಂಚಿಕೆಗಳಲ್ಲಿ ಅವುಗಳಿಗೆ ಜಾಗ ಮೀಸಲಿಟ್ಟಿದ್ದೇವೆ.