ಕಣ್ಣೀರ ಹನಿ ಗಾಡಿಗೆ ಹೊಲ ಅಡ ಇಡಬ್ಯಾಡ್ರಿ

ನಮ್ಮ ಕಡೆಯ ಹುಡುಗರು ಬಹಳ ಮಂದಿ ಕಾಣಕೋಣದ ದಂಡೆಯಲ್ಲಿ, ಪಾಳೊಳೆಂ, ಪಾಟ್ನೆಂ, ಆಗೊಂದದ ಗುಡಿಸಲುಗಳಲ್ಲಿ ದುಡಿಯುತ್ತಾರೆ. ಮಳೆ ನಿಂತ ಮೇಲೆ ಹೋಗಿ ಗುಡಿಸಲು ಕಟ್ಟುತ್ತಾರೆ, ಮಳೆಗೆ ಮೊದಲು ಬಿಚ್ಚಿಟ್ಟು ಬಿತ್ತಿಗೆಗೆ ಊರಿಗೆ ಬರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಈಗ ಹುಟ್ಟಿರುವ ಹೊಸ ಹುಚ್ಚಿಗೆ ತಕರಾರು ಐತಿ. ನನ್ನ ತಮ್ಮನ ಮಗ ಎರಡು ಎಕರೆ ಎರಿ ಹೊಲ ಅಡ ಇಟ್ಟು, ಜೀಪಿನ ಹಿಂದೆ ಕಟ್ಟಿ ಎಳೆಯುವ ಮಲಗೋ ಗಾಡಿ ತರತೀನಿ ಅಂತಾನ. ಪ್ಯಾಟಿ ಮಂದಿಗೆ ದಿನದ ಬಾಡಿಗೆಗೆ ಕೊಡತಾನಂತ.

ಗಾಡಿಯ ಹೆಸರು ಟಿಯರ್‌ಡ್ರಾಪ್. ಅಂದ್ರ ಕಣ್ಣೀರ ಹನಿ. ಹೆಸರಿನಾಗ ಅವರೇ ಖರೇ ಹೇಳ್ಯಾರ. ಮುಂದೆ ದುಂಡಗೆ, ಹಿಂದೆ ಇಳಿಜಾರು, ಎರಡು ಗಾಲಿಯ ಪೆಟ್ಟಿಗೆ. ಒಳಗೆ ಇಬ್ಬರಿಗೆ ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಒಲೆ. 1930ರ ಸುಮಾರಿಗೆ ಅಮೆರಿಕಾದವರು ಮಾಡಿಕೊಂಡದ್ದು. ಚಳಿ ಇದ್ದಲ್ಲಿ ಅದು ಬೇಷ್, ಇಬ್ಬರ ಮೈಕಾವಿಗೇ ಒಳಗೆ ಬೆಚ್ಚಗಾಗತೈತಿ.

ಕಾಣಕೋಣಕ್ಕೆ ಯಾರಿಗೆ ಬೇಕು ಬೆಚ್ಚಗೆ? ಮೇ ತಿಂಗಳ ನಡುರಾತ್ರಿಯೂ 26-27 ಡಿಗ್ರಿ. ತೊಳೆದು ಹಾಕಿದ ಧೋತರ ಮುಂಜಾನೆಗೂ ಹಸಿ. ನಾನು ಅಲ್ಲಿರೋ ನಮ್ಮವರ ಮುಂದೆ ಗೀಗೀ ಪದ ಹಾಡಲಿಕ್ಕೆ ಹೋಗತೀನಿ. ಹೋದ ಕೂಡಲೇ ದಪ್ಪಿನ ಚರ್ಮ ಸಡಿಲಾಗಿ ಸೋತ ದನಿ ಮಾಡತೈತಿ, ಎರಡು ಪದಕ್ಕೊಮ್ಮೆ ಬೆಂಕಿಗೆ ಹಿಡಿದು ಕಾಸಬೇಕು. ಹವಾದಾಗ ಎಷ್ಟು ನೀರು ಐತಿ ಅಂತ ತಿಳಿಯಾಕ ನನಗ ಬ್ಯಾರೆ ಯಂತ್ರ ಬ್ಯಾಡ. ಅಂಥಲ್ಲಿ ಸಣ್ಣ ಕಿಟಕಿಯ ಡಬ್ಬಿಯೊಳಗೆ ಇಬ್ಬರು ಮಲಗಿದರೆ ಬಿಟ್ಟ ಉಸಿರಿನ ಆವಿ ಒಳಗೇ ನಿಲ್ಲತೈತಿ. ನಾಲ್ಕು ವಾರದಾಗ ಹಾಸಿಗೆಗೆ ಬೂಷ್ಟು, ಪ್ಲೈವುಡ್ಡಿಗೆ ಬಾವು, ಉಪ್ಪುಗಾಳಿಗೆ ನಟ್ಟು ಬೋಲ್ಟೆಲ್ಲ ತುಕ್ಕು.

"ಏಸಿ ಹಾಕಿಸತೀನಿ ಕಾಕಾ" ಅಂದ. ಹಾಕಿಸಪಾ. ಆದ್ರ ಲೆಕ್ಕ ಹಾಕು. 12 ವೋಲ್ಟಿನ 100 ಆಂಪಿಯರ್ ಬ್ಯಾಟರಿ ಪೂರಾ ಹಿಂಡಿದರೂ ಕೊಡೋದು ತಾಸಿಗೆ 1200 ವ್ಯಾಟಿನಷ್ಟು. 500 ವ್ಯಾಟ್ ತಿನ್ನುವ ಏಸಿಗೆ ಅದು ಎರಡು ತಾಸಿನ ಮೇವು. 20 ವ್ಯಾಟಿನ ಫ್ಯಾನು ಅದೇ ಬ್ಯಾಟರಿ ಮ್ಯಾಲೆ 60 ತಾಸು ತಿರಗತೈತಿ. ಇಲ್ಲಾಂದ್ರ ಜನರೇಟರ್ ಹಚ್ಚು. ಸಮುದ್ರದ ಸಪ್ಪಳ ಕೇಳಾಕ ರೊಕ್ಕ ಕೊಟ್ಟು ಬಂದವರಿಗೆ ರಾತ್ರಿಯೆಲ್ಲಾ ಗಿರಣಿ ಸಪ್ಪಳ ಕೇಳಿಸು.

ನಮ್ಮ ಹಿರಿಯರು ಇಂಥ ಗಾಡಿ ಕಾಣದವರೇನಲ್ಲ. ಭರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಕೊಲ್ಲಾರಿ ಚಕ್ಕಡಿ ನೋಡಿರಿ. ಮೇಲೆ ಕಮಾನು, ಹಿಂದೆ ಮುಂದೆ ಬಯಲು. ಗಾಳಿ ಈ ಕಡೆ ಹೊಕ್ಕು ಆ ಕಡೆ ಹೋಗತೈತಿ. ಗಾಲಿ ಎತ್ತರ, ಕಲ್ಲು ಉಸುಕು ಯಾವುದಕ್ಕೂ ಅಂಜೂದಿಲ್ಲ. ಮಕ್ಕಳು ಒಳಗೆ, ಗಂಡಸರು ಚಕ್ಕಡಿಯ ಕೆಳಗೆ ನೆರಳಿನಾಗ. ಪಾಳೊಳೆಂದ ತೆಂಗಿನಗರಿ ಗುಡಿಸಲಿಗೂ ಇದೇ ಬುದ್ಧಿ, ಕಂಬದ ಮೇಲೆ ಎತ್ತರಕ್ಕೆ ಕಟ್ಟಿ ಕೆಳಗೂ ಗಾಳಿ ಬಿಡತಾರ.

ಗುಡಿಸಲಿಗೆ ಪರವಾನಗಿ ಬೇಕು, ಗಾಡಿಯಾದರೆ ನೀರಿನ ತನಕ ಒಯ್ಯಬಹುದು ಅನ್ನುವವರಿಗೂ ಒಂದು ಮಾತು. ಗೋವಾದಲ್ಲಿ ದಂಡೆಯ ಉಸುಕಿನ ಮೇಲೆ ವಾಹನ ಓಡಿಸುವಂತಿಲ್ಲ. ದಂಡೆಯ ಬಯಲಲ್ಲಿ ಅಡುಗೆ ಮಾಡುವುದಕ್ಕೂ 2019ರಿಂದ ಕಾಯ್ದೆಯ ತಡೆ ಇದೆ. ಹಂಗಾದ್ರ ಹಿಂದಿನ ಒಲೆ ಯಾತಕ್ಕ, ಉಸುಕಿಗೆಂದು ತಂದ ದಪ್ಪ ಗಾಲಿ ಯಾತಕ್ಕ? ಕಾಯ್ದೆ ಸುಮ್ಮನೆ ಮಾಡಿದ್ದೂ ಅಲ್ಲ. ಗಾಲ್ಜಿಬಾಗ, ಆಗೊಂದದ ಉಸುಕಿನಲ್ಲಿ ಆಲಿವ್ ರಿಡ್ಲಿ ಆಮೆ ರಾತ್ರಿ ಬಂದು ತತ್ತಿ ಇಡುತ್ತದೆ. ಸುಮಾರು 50 ದಿನಕ್ಕೆ ಮರಿ ಹೊರಗೆ ಬಂದು ಬೆಳಕು ಕಂಡ ಕಡೆ ಹರಿಯುತ್ತವೆ. ಸಮುದ್ರದ ಮೇಲಿನ ಬೆಳಕು ಬಿಟ್ಟು ನಿನ್ನ ಗಾಡಿಯ ಲೈಟಿಗೆ ಬಂದರೆ ಅವುಗಳ ಕಥಿ ನಾಯಿ-ಕಾಗೆಯ ಬಾಯಾಗ ಮುಗೀತು. ಗಾಲಿ ಹಾಯ್ದ ಜಾಗದಾಗ ತತ್ತಿ ಇದ್ದರಂತೂ ಹೇಳೂದ ಬ್ಯಾಡ.

ಸ್ವಂತ ರೊಕ್ಕ ಇದ್ದು, ತೆಂಗಿನ ತೋಟದ ಧಣಿ ಒಪ್ಪಿ, ಅಲ್ಲಿ ನಿಲ್ಲಿಸುವವರು ತರಲಿ ಬೇಕಾದರೆ. ಎರಡೂ ಬದಿ ತೊಡೆಯೆತ್ತರದಿಂದ ಮೇಲೆ ಸೊಳ್ಳೆ ಜಾಳಿಗೆ, ನೆತ್ತಿಗೆ ಬಿಸಿ ಹೊರಗೆ ಎಳೆಯುವ ಫ್ಯಾನು, ಗ್ಯಾಲ್ವನೈಸ್ ಮಾಡಿದ ಚಾಸಿ ಇರುವುದನ್ನೇ ನೋಡಲಿ. ತಗಡಿಗೆ ತಾಗದಂತೆ ಒಂದು ಮೊಳ ಮ್ಯಾಲೆ ತಾಡಪಾಲು ಕಟ್ಟಬೇಕು, ನಡುವೆ ಗಾಳಿ ಆಡದಿದ್ದರೆ ಆ ನೆರಳು ಸುಳ್ಳು. ತೂಕ ಕಡಿಮೆ ಇರಲಿ, ಮಡಗಾಂವ ಕಡೆಯಿಂದ ಬಂದರೆ ಕರಮಲ ಘಾಟದ ತಿರುವುಗಳು ಅದಾವ. ಟ್ರೇಲರಿಗೆ ಬೇರೆ ನೋಂದಣಿ ಮಾಡಿಸಬೇಕು, ಅದನ್ನು ಮಾರುವವನು ಕಡೀಗೆ ಹೇಳತಾನ.

ಹುಡುಗ ಇನ್ನೂ ಕಾಗದಕ್ಕೆ ಸಹಿ ಮಾಡಿಲ್ಲ. ನನ್ನ ಈ ಬರಹಕ್ಕೆ ಮುಂದಿನ ಪುಸ್ತಕದಲ್ಲಿ ಉತ್ತರ ಬರೀತೀನಿ ಅಂದಾನ. ಬರೀಲಿ, ವಾಚನಾಲಯದವರು ಅಚ್ಚು ಹಾಕಲಿ. ಆದ್ರ ಜೂನಿನಿಂದ ಸೆಪ್ಟೆಂಬರ್ ತನಕ ದಂಡೆಗೆ ನರಪಿಳ್ಳೆ ಬರದ ನಾಲ್ಕು ತಿಂಗಳ ಕಂತು ಯಾವ ರೊಕ್ಕದಾಗ ಕಟ್ಟತಾನ ಅನ್ನೋದನ್ನ ಮೊದಲನೇ ಸಾಲಿನಾಗೇ ಬರೀಬೇಕು.